ಬ್ಯಾಂಕಿನವರು ಎರಡು ಸಲ ಬಂದ ಮನೆ

ಮೂವತ್ತೆಂಟು ವರ್ಷ ಊರಿನ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿದ ಲಿಫ್ಟ್ ಮೆಕ್ಯಾನಿಕ್ ಕೊನೆಗೆ ತಾನೇ ಮೇಲೆ ಸಿಕ್ಕಿಹಾಕಿಕೊಂಡ. ಅವನ ಮನೆ ದಿಣ್ಣೆಯ ಮೇಲಿತ್ತು. ಬೀದಿಯಿಂದ ಅಲ್ಲಿಗೆ ಅರವತ್ತೊಂದು ಮೆಟ್ಟಿಲು. ಎಡಭಾಗಕ್ಕೆ ಲಕ್ವ ಹೊಡೆದ ದಿನ ನಾಲ್ಕು ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು, ಆಸ್ಪತ್ರೆಯಿಂದ ಬಂದ ದಿನ ಅದೇ ಕುರ್ಚಿಯಲ್ಲಿ ಹತ್ತಿಸಿದರು. ಆಮೇಲಿನ ಒಂಬತ್ತು ತಿಂಗಳಲ್ಲಿ ಅವನು ಬೀದಿ ಕಂಡದ್ದು ಎರಡೇ ಸಲ, ಎರಡೂ ಸಲ ಡಾಕ್ಟರ ಬಳಿಗೆ ಹೋಗುವಾಗ. ಅಷ್ಟರಲ್ಲಿ ಕುರ್ಚಿಗೆ ಹೆಗಲು ಕೊಡುತ್ತಿದ್ದ ಪಕ್ಕದ ಮನೆಯವನು ಬೆನ್ನು ಹಿಡಿದುಕೊಂಡು ಮಲಗಿದ.

ಲಕ್ವ ಈ ಅಜ್ಜನ ಕೈಕಾಲು ತೆಗೆದುಕೊಂಡಿತ್ತೇ ಹೊರತು ನಾಲಿಗೆಯನ್ನು ಮುಟ್ಟಿರಲಿಲ್ಲ. ಕಷ್ಟವಾದದ್ದು ಅದೇ. ಎರಡು ಮಹಡಿಗಳ ನಡುವೆ ಲಿಫ್ಟು ನಿಂತುಹೋದಾಗ ಒಳಗಿದ್ದವರು ಗಾಬರಿಯಾಗದ ಹಾಗೆ ಹೊರಗೆ ನಿಂತು ಕತೆ ಹೇಳುತ್ತ ರಿಪೇರಿ ಮಾಡಿದ ಮನುಷ್ಯ ಅವನು. ಅನ್ನಕ್ಕಿಂತ ಹೆಚ್ಚಾಗಿ ಅವನಿಗೆ ಜನ ಬೇಕಿತ್ತು, ಅರವತ್ತೊಂದು ಮೆಟ್ಟಿಲು ಹತ್ತಿ ಕತೆ ಕೇಳಲು ಯಾರು ಬರುತ್ತಾರೆ? ಮೊದಲು ಗಡ್ಡ ತೆಗೆಯುವುದನ್ನು ಬಿಟ್ಟ. ಆಮೇಲೆ ಒಂದು ದಿನ ತಟ್ಟೆಯನ್ನು ಪಕ್ಕಕ್ಕೆ ದೂಡಿದ.

"ಯಾಕೆ ಮಾವ, ಉಪ್ಪು ಹೆಚ್ಚಾಯ್ತಾ?" ಎಂದು ಸೊಸೆ ಕೇಳಿದಳು.

"ಉಪ್ಪು ಸರಿಯಾಗಿದೆಯಮ್ಮ. ನಾನೇ ಸರಿಯಿಲ್ಲ. ನಿನ್ನೆಯಿಂದ ಮಾತಾಡಿರೋದು ನಿಮ್ಮತ್ತೆ ಒಬ್ಬಳ ಜೊತೆ. ಅವಳಿಗೆ ನನ್ನ ಕತೆಗಳೆಲ್ಲ ಬಾಯಿಪಾಠ."

"ನಲವತ್ತೈದು ವರ್ಷದಿಂದ ಅವೇ ಆರು ಕತೆ," ಎಂದಳು ಅಜ್ಜಿ. "ಹೊಸದೊಂದು ಹೇಳಲಿ, ಬಾಯ್ಬಿಟ್ಕೊಂಡು ಕೇಳ್ತೀನಿ."

"ಹೊಸದು ಎಲ್ಲಿಂದ ತರ್ಲಿ? ಈ ನಾಲ್ಕು ಗೋಡೆ ಮಧ್ಯೆ ಏನು ನಡೆಯತ್ತೆ?"

ಹೇಳಿದ ಮಾತು ತಮಾಷೆಯಂತಿದ್ದರೂ ತಟ್ಟೆ ಹಾಗೇ ಉಳಿಯಿತು. ಮರುದಿನವೂ ಉಳಿಯಿತು. ಸೊಸೆ ಹೊಲಿಗೆ ಕೆಲಸದವಳು. ಬಟ್ಟೆ ಸಡಿಲವಾದದ್ದು ಅವಳ ಕಣ್ಣಿಗೆ ಎಲ್ಲರಿಗಿಂತ ಮೊದಲು ಬೀಳುತ್ತಿತ್ತು. ಆ ತಿಂಗಳು ಅವಳು ಮಾವನ ಪ್ಯಾಂಟುಗಳ ಸೊಂಟವನ್ನು ಎರಡನೇ ಸಲ ಹಿಡಿದು ಹೊಲಿದಳು. ಕತ್ತರಿ ಕೆಳಗಿಟ್ಟು ಗಂಡನಿಗೆ ಹೇಳಿದಳು, "ರೀ, ಈ ಮನೆ ಮಾರೋಣ. ನೆಲಕ್ಕಿರೋ ಮನೆ ನೋಡೋಣ. ಇಲ್ಲೇ ಇದ್ರೆ ಮಾವ ಉಳಿಯಲ್ಲ."

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಹತ್ತು ಮಾತಿಗೆ ಒಂದು ಮಾತಾಡುವ ಮಗ ಆ ಅಪ್ಪನಿಗೆ ಹೇಗೆ ಹುಟ್ಟಿದನೋ ಎಂದು ಅಜ್ಜಿ ಆಗಾಗ ಆಶ್ಚರ್ಯಪಡುತ್ತಿದ್ದಳು. ಅವನು ಸ್ವಲ್ಪ ಹೊತ್ತು ಉಗುರಿನಲ್ಲಿ ಅಂಟಿದ್ದ ಬಣ್ಣ ಕೆರೆದು, "ಹೂಂ, ನೋಡೋಣ," ಎಂದ.

ನೋಡಿದ ಐದನೇ ಮನೆ ಹಿಡಿಸಿತು. ಊರಿನ ತಗ್ಗಿನಲ್ಲಿ, ಬೀದಿಗೆ ಬಾಗಿಲಿದ್ದ ಮನೆ. ಎಡಕ್ಕೆ ಕ್ಷೌರದಂಗಡಿ, ಎದುರಿಗೆ ಸೈಕಲ್ ರಿಪೇರಿ, ನಾಲ್ಕು ಹೆಜ್ಜೆಗೆ ಬಸ್ ಸ್ಟಾಪು. ಮಾರುತ್ತಿದ್ದವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದ ಒಂಟಿ ಹೆಂಗಸು. ಬೇರೆ ಊರಿನಲ್ಲಿದ್ದ ಅಕ್ಕನಿಗೆ ಕಾಯಿಲೆ ಎಂದು ಅಲ್ಲಿಗೆ ಹೊರಟಿದ್ದರು. ಕೇಳಿದ್ದು ಐವತ್ತು ಲಕ್ಷ. ಮಗ ಗೋಡೆ ತಟ್ಟಿ, ತಾರಸಿ ಹತ್ತಿ, ಎಲ್ಲ ನೋಡಿ ಇಳಿದ. ತಾರಸಿಗೆ ಹೊಸದಾಗಿ ಗಾರೆ ಹಾಕಿಸಿದ್ದರು, ಇನ್ನು ಹತ್ತು ಹದಿನೈದು ವರ್ಷ ನೀರು ಇಳಿಯುವ ಹಾಗಿಲ್ಲ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

ಮನೆಗೆ ಬಂದು ಫೋನಿನಲ್ಲಿ ಫೋಟೊ ತೋರಿಸಿದಾಗ ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಅವನು ಕೋಣೆ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ.

"ಹೊಸ್ತಿಲು ಎಷ್ಟು ಎತ್ತರ?"

"ನಾಲ್ಕು ಬೆರಳು, ಅಷ್ಟೇ," ಎಂದ ಮಗ.

"ಒಂದು ಹಲಗೆ ಇಳಿಜಾರಾಗಿ ಇಟ್ರೆ ಗಾಲಿಕುರ್ಚಿ ಹೋಗತ್ತೆ." ಕ್ಷೌರದಂಗಡಿಯ ಮುಂದೆ ಬೆಂಚಿನ ಮೇಲೆ ಕೂತ ಮೂವರನ್ನು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿದ. "ಇವರು ದಿನಾ ಇಲ್ಲೇ ಇರ್ತಾರಾ?"

ಆ ರಾತ್ರಿ ಅವನು ಎರಡು ಸಲ ಅನ್ನ ಹಾಕಿಸಿಕೊಂಡ. ಸೊಸೆ ಅದನ್ನು ನೋಡಿ, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು.

ಇವರ ಮನೆಗೂ ಗಿರಾಕಿ ಬೇಗ ಸಿಕ್ಕಿದ. ಬೇಕರಿ ಇಟ್ಟಿದ್ದ ಹರೆಯದವನು, ಹೊಸದಾಗಿ ಮದುವೆಯಾದವನು. ಮೆಟ್ಟಿಲು ಲೆಕ್ಕಕ್ಕಿಡದ ವಯಸ್ಸು; ಗಂಡಹೆಂಡತಿ ಇಬ್ಬರೂ ಗಾಳಿ ಬೆಳಕು ನೋಡಿಯೇ ಮರುಳಾದರು. ನಲವತ್ತೆಂಟಕ್ಕೆ ಮಾತಾಯಿತು. ಅದಕ್ಕೆ ಎರಡು ಲಕ್ಷ ಸಾಲ ಸೇರಿಸಿದರೆ ಆಪರೇಟರಮ್ಮನ ಮನೆ. ಎಲ್ಲವೂ ಗೆರೆ ಎಳೆದ ಹಾಗೆ ಕೂತಿತು.

"ಒಂದೇ ಒಂದು ವಿಷಯ," ಎಂದ ಬ್ರೋಕರ್, ಟೀ ಕುಡಿಯುತ್ತ. "ಬೇಕರಿಯವರು ಬ್ಯಾಂಕ್ ಸಾಲ ತಗೊಳ್ತಿದಾರೆ. ಬ್ಯಾಂಕಿನವರು ತಮ್ಮ ಕಡೆಯಿಂದ ಒಬ್ರನ್ನ ಕಳಿಸ್ತಾರೆ. ಆತ ಅಳತೆ ಹಿಡಿದು, ನೋಡಿ, ಬೆಲೆ ಬರೀತಾನೆ. ನೀವಿಬ್ರು ಎಷ್ಟಕ್ಕೆ ಒಪ್ಕೊಂಡಿದೀರಿ ಅನ್ನೋದು ಅವರಿಗೆ ಬೇಕಾಗಿಲ್ಲ. ಆತ ಎಷ್ಟು ಬರೀತಾನೋ ಅದರ ಮೇಲೆ ಸಾಲ."

"ಯಾವತ್ತು ಬರ್ತಾರೆ?" ಎಂದು ಕೇಳಿದವಳು ಮೊಮ್ಮಗಳು. ಹದಿನೈದು ತುಂಬಿದ ಹುಡುಗಿ. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯಲ್ಲಿ ಅವಳ ಹೆಸರೇ ಲಾಯರಮ್ಮ ಎಂದಾಗಿತ್ತು.

"ಬುಧವಾರ."

ಆತ ಬಂದದ್ದು ಸೋಮವಾರ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಹದಿನಾರು ವರ್ಷದ ಹಿಂದೆ, ಸೊಸೆ ಬಸುರಿಯಾಗಿದ್ದಾಗ, ಮನೆಯ ಹಿಂಭಾಗಕ್ಕೆ ಒಂದು ಕೋಣೆ ಸೇರಿಸಿದ್ದರು. ಪುರಸಭೆಗೆ ಹೇಳಿರಲಿಲ್ಲ. ಹೇಳಿದರೆ ತೆರಿಗೆ ಏರುತ್ತದೆ. ಹಾಗಾಗಿ ಪುರಸಭೆಯವರು ಅಳತೆಗೆ ಬಂದಾಗಲೆಲ್ಲ ಆ ಕೋಣೆಯ ಬಾಗಿಲಿಗೆ ಅಡ್ಡವಾಗಿ ಬಟ್ಟೆಯ ಬೀರು ಬಂದು ನಿಲ್ಲುತ್ತಿತ್ತು. ಬೀರು ಆಳೆತ್ತರದ್ದು, ತೇಗದ್ದು, ಆದರೆ ಮೆಕ್ಯಾನಿಕ್ ಅದರ ಅಡಿಗೆ ಲಿಫ್ಟಿನ ಬಾಗಿಲಿನ ನಾಲ್ಕು ಹಳೆಯ ಗಾಲಿ ಕೂರಿಸಿದ್ದ. ಅಜ್ಜಿ ಒಂದು ಕೈಯಲ್ಲಿ ತಳ್ಳಬಹುದಿತ್ತು. ಒಳಗೆ ಯಾರಿದ್ದರೂ ಉಸಿರೆತ್ತಬಾರದು. ಬಂದವನಿಗೆ ಬಾಯಿ ಒಡೆದ ಲೋಟದಲ್ಲಿ ಟೀ ಕೊಡಬೇಕು, ಬಡತನ ಕಾಣಲಿ ಎಂದು. ಇಷ್ಟು ವರ್ಷದಲ್ಲಿ ಐದು ಸಲ ಈ ನಾಟಕ ನಡೆದಿತ್ತು, ಐದು ಸಲವೂ ಗೆದ್ದಿತ್ತು.

ಸೋಮವಾರ ಬೆಳಿಗ್ಗೆ ಮನೆಯಲ್ಲಿದ್ದವರು ಅಜ್ಜ, ಅಜ್ಜಿ ಇಬ್ಬರೇ. ಕೆಳಗಿನ ಮೆಟ್ಟಿಲಲ್ಲಿ ಕಂಕುಳಲ್ಲಿ ಫೈಲು, ಸೊಂಟದಲ್ಲಿ ಟೇಪು ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಒಬ್ಬ ಹತ್ತುತ್ತಿದ್ದ. ಅಜ್ಜಿ ಕಿಟಕಿಯಿಂದ ನೋಡಿದಳು. ಫೈಲು ಕಂಡಿತು, ಟೇಪು ಕಂಡಿತು. ಬ್ಯಾಂಕು, ಬೇಕರಿ, ಬುಧವಾರ, ಯಾವುದೂ ಅವಳ ತಲೆಗೆ ಬರಲಿಲ್ಲ. ಕಾಲು ತಾವಾಗಿ ಬೀರಿನ ಕಡೆಗೆ ಹೋದವು.

"ಬಂದ್ರು ಕಣ್ರೀ, ಪುರಸಭೆಯವರು. ಸುಮ್ನಿರಿ," ಎಂದು ಆ ಹಿಂದಿನ ಕೋಣೆಯಲ್ಲಿ ಮಲಗಿದ್ದ ಗಂಡನಿಗೆ ಹೇಳಿ, ಬೀರು ತಳ್ಳಿ, ಅವನನ್ನು ಒಳಗೇ ಹಾಕಿ ಮುಚ್ಚಿದಳು.

ಟೇಪಿನವನು ಎರಡು ಕೋಣೆ ಅಳೆದ. ಅಜ್ಜಿ ಅವನ ಬೆನ್ನಿಗೇ ನಡೆದು ಒಂದೊಂದೇ ದೋಷ ತೋರಿಸಿದಳು. "ಇಲ್ಲಿ ಮಳೆಗಾಲದಲ್ಲಿ ಒದ್ದೆಯಾಗತ್ತೆ. ಈ ನಲ್ಲೀಲಿ ನೀರು ದಾರದಷ್ಟು ಬರತ್ತೆ. ಈ ಮೆಟ್ಟಿಲು ನೋಡಿದ್ರಲ್ಲ, ಯಾರು ಬರ್ತಾರೆ ಸ್ವಾಮಿ ಇಲ್ಲಿಗೆ?" ಒಡಕು ಲೋಟದಲ್ಲಿ ಟೀ ಕುಡಿದು, ಫೋಟೊ ತೆಗೆದು, ಅವನು ಇಳಿದುಹೋದ. ಗೋಡೆಯಾಚೆ ಅಜ್ಜ ಬಂದ ಕೆಮ್ಮನ್ನು ದಿಂಬಿನಲ್ಲಿ ಅದುಮಿಕೊಂಡು ಮಲಗಿದ್ದ. ತನ್ನನ್ನು ಬೀದಿಗೆ ಇಳಿಸಬೇಕಾದ ಮನೆಯ ಬೆಲೆಯನ್ನು ತಾನೇ ಅಡಗಿ ಕೂತು ಇಳಿಸುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಇಬ್ಬರ ಮುಖದಲ್ಲೂ ಗೆದ್ದ ಕಳೆ.

"ಇವತ್ತು ಪುರಸಭೆಯವನೊಬ್ಬ ಬಂದಿದ್ದ," ಎಂದಳು ಅಜ್ಜಿ. "ಏಳು ವರ್ಷ ಆಗಿತ್ತು, ಆದ್ರೂ ನಾನೊಂದೂ ಮರೆತಿಲ್ಲ."

"ನಾನು ಕೆಮ್ಮಲೂ ಇಲ್ಲ," ಎಂದ ಅಜ್ಜ.

ಲಾಯರಮ್ಮ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದಳು. "ಅಜ್ಜೀ, ಅವರ ಹತ್ರ ಪುರಸಭೆ ಚೀಟಿ ಇತ್ತಾ?"

"ಫೈಲಿತ್ತು."

"ಫೈಲಿನ ಮೇಲೆ ಏನು ಬರೆದಿತ್ತು?"

ಅಜ್ಜಿ ಯೋಚಿಸಿದಳು. ಅವಳ ಮುಖದಿಂದ ಕಳೆ ಇಳಿಯುತ್ತ ಹೋದದ್ದನ್ನು ಎಲ್ಲರೂ ನೋಡಿದರು. "ನೀಲಿ ಫೈಲು," ಎಂದಳು ಮೆಲ್ಲಗೆ. "ಬ್ಯಾಂಕಿಂದ ಅಂತ ಏನೋ ಅಂದ. ನಾನು ಕೇಳಿಸ್ಕೊಳ್ಲಿಲ್ಲ."

ಮಗ ಎದ್ದು ಕೈ ತೊಳೆದ.

ಹತ್ತು ದಿನಕ್ಕೆ ಬೇಕರಿಯವನು ಒಂದು ಕಾಗದ ಹಿಡಿದುಕೊಂಡು ಬಂದ. ಎರಡು ಕೋಣೆ, ತೇವವಿರುವ ಗೋಡೆ, ನೀರಿನ ಅಭಾವ, ದಾರಿ ಕಷ್ಟ. ಬೆಲೆ ನಲವತ್ತೊಂದು ಲಕ್ಷ. ಅವನಿಗೂ ಮುಜುಗರವಾಗಿತ್ತು; ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನಂಗೆ ಮೋಸ ಮಾಡೋ ಬುದ್ಧಿ ಇಲ್ಲ ಅಣ್ಣಾ. ಆದ್ರೆ ಬ್ಯಾಂಕು ಇಷ್ಟರ ಮೇಲೇ ಕೊಡತ್ತೆ. ಉಳಿದ ಏಳು ಲಕ್ಷ ನಾನೆಲ್ಲಿಂದ ತರ್ಲಿ?"

"ಮನೇಲಿ ಮೂರು ಕೋಣೆ ಇದೆ, ನೀವೇ ನೋಡಿದೀರಿ," ಎಂದಳು ಸೊಸೆ.

"ನಾನು ನೋಡಿದೀನಿ ಅಕ್ಕಾ. ಕಾಗದಕ್ಕೆ ಕಂಡಿಲ್ಲ."

ಅವನು ಹೋದ ಮೇಲೆ ಮಾತಿಗೆ ಮಾತು ಬೆಳೆಯಿತು. ಇಷ್ಟು ವರ್ಷ ತೆರಿಗೆ ಉಳಿಸಿದ್ದು ಯಾರಿಗಾಗಿ ಎಂದು ಅಜ್ಜಿ ಕೇಳಿದಳು. ಉಳಿಸಿದ್ದರ ಹತ್ತುಪಟ್ಟು ಒಂದೇ ದಿನದಲ್ಲಿ ಹೋಯಿತಲ್ಲ ಎಂದಳು ಸೊಸೆ. ಗಾಲಿ ಹಾಕಿದ್ದು ನಿಮ್ಮ ಮಾವ ಎಂದಳು ಅಜ್ಜಿ. ತಳ್ಳಿದ್ದು ಯಾರು ಎಂದು ಒಳಗಿನಿಂದ ಅಜ್ಜ ಕೇಳಿದ. ಅಜ್ಜಿ ಸಿಟ್ಟಿನಲ್ಲಿ ಅಂದು ಒಲೆಯ ಕಡೆ ತಿರುಗಿ ನೋಡಲಿಲ್ಲ. ಮಗನೇ ಮೊಟ್ಟೆ ಬೇಯಿಸಿ ಎಲ್ಲರಿಗೂ ಹಾಕಿದ, ಎರಡನ್ನು ಸೀಯಿಸಿದ.

"ಇನ್ನೊಂದು ಸಲ ನೋಡಿ ಅಂತ ಬ್ಯಾಂಕಿಗೆ ಬರೆದುಕೊಡಬಹುದು," ಎಂದ ಬ್ರೋಕರ್ ಮರುದಿನ. "ಆದ್ರೆ ಕೋಣೆ ಪುರಸಭೆ ದಾಖಲೇಲಿ ಇರಬೇಕು. ಇಲ್ಲಾಂದ್ರೆ ಕಣ್ಣಿಗೆ ಕಂಡ್ರೂ ಲೆಕ್ಕಕ್ಕೆ ಬರಲ್ಲ."

ಹೀಗೆ, ಅಡಗಿಸಿಟ್ಟ ಕೋಣೆಯನ್ನು ಇದೆ ಎಂದು ಹೇಳಿಕೊಳ್ಳಲು ಅಜ್ಜಿಯೇ ಅರವತ್ತೊಂದು ಮೆಟ್ಟಿಲು ಇಳಿದು ಪುರಸಭೆಗೆ ಹೋಗಬೇಕಾಯಿತು. ಮನೆ ಅವಳ ಹೆಸರಿನಲ್ಲಿತ್ತು. ದಾರಿಯುದ್ದಕ್ಕೂ ಸೊಸೆ ಹೇಳಿಕೊಟ್ಟಳು. "ಅತ್ತೆ, ಯಾವಾಗ ಕಟ್ಟಿದ್ದು ಅಂತ ಕೇಳಿದ್ರೆ ಮೂರು ವರ್ಷ ಅನ್ನಿ. ಅಷ್ಟಕ್ಕೇ ಹಳೇ ತೆರಿಗೆ ಹಾಕ್ತಾರೆ."

ಗುಮಾಸ್ತ ಕೇಳಿದ, "ಯಾವಾಗ ಕಟ್ಟಿದ್ದು?"

"ಹದಿನಾರು ವರ್ಷ ಆಯ್ತು," ಎಂದಳು ಅಜ್ಜಿ.

ಸೊಸೆ ಕಣ್ಣು ಮುಚ್ಚಿಕೊಂಡಳು. ಗುಮಾಸ್ತ ಪೆನ್ನು ಕೆಳಗಿಟ್ಟ. "ಇಷ್ಟು ವರ್ಷ ನಮ್ಮವರು ಯಾರೂ ಬರಲೇ ಇಲ್ವಾ?"

"ಐದು ಸಲ ಬಂದ್ರಪ್ಪ. ಟೀ ಕುಡಿದು ಹೋದ್ರು."

ಹೊರಗೆ ಬಂದ ಮೇಲೆ ಸೊಸೆ ಮುಖ ಊದಿಸಿಕೊಂಡು ನಡೆದಳು. ಅಜ್ಜಿ ಹಿಂದಿನಿಂದ ಹೇಳಿದಳು, "ಬೀರು ತಳ್ಳೋದು ಬೇರೆ ಕಣೇ. ಎದುರಿಗೆ ಕೂತು ಒಬ್ಬ ಕೇಳ್ತಿದ್ರೆ, ಅವನ ಮುಖ ನೋಡ್ಕೊಂಡು ಇಲ್ಲದ್ದು ಹೇಳೋಕೆ ನನ್ನಿಂದ ಆಗಲ್ಲ." ಹದಿನಾರು ವರ್ಷದ ತೆರಿಗೆಯನ್ನೂ ದಂಡವನ್ನೂ ಅವಳೇ ತನ್ನ ಉಳಿತಾಯದ ಪುಸ್ತಕದಿಂದ ಕಟ್ಟಿದಳು. ಪುಸ್ತಕ ಬಹುಪಾಲು ಖಾಲಿಯಾಯಿತು.

ಟೇಪಿನವನು ಎರಡನೇ ಸಲ ಬಂದ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಬೀರು ಬೇರೆ ಗೋಡೆಗೆ ಸರಿದಿತ್ತು, ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಗಡ್ಡ ತೆಗೆದು ಇಸ್ತ್ರಿ ಅಂಗಿ ಹಾಕಿಕೊಂಡ ಅಜ್ಜ ಮಂಚದ ಮೇಲೆ ನೆಟ್ಟಗೆ ಕೂತಿದ್ದ.

ಟೇಪಿನವನು ಬಾಗಿಲಲ್ಲಿ ನಿಂತು ಒಳಗೆ ನೋಡಿದ. "ಅವತ್ತು ಇವರು ಎಲ್ಲಿದ್ರು?"

"ಇಲ್ಲೇ ಇದ್ದೆ ಸ್ವಾಮಿ," ಎಂದ ಅಜ್ಜ. "ನೀವು ಟೀ ಕುಡಿದಿದ್ದು ಕೇಳಿಸ್ತಿತ್ತು. ಸಕ್ಕರೆ ಕಮ್ಮಿ ಅಂದ್ರಿ."

ಆತ ನಕ್ಕುಬಿಟ್ಟ. ಒಂಬತ್ತು ತಿಂಗಳ ಮೇಲೆ ಹೊರಗಿನವನೊಬ್ಬ ತನ್ನ ಮಾತಿಗೆ ನಕ್ಕದ್ದು. ಅಜ್ಜ ಆವತ್ತು ದಿನವಿಡೀ ಅದನ್ನೇ ಹೇಳಿಕೊಂಡ. ಅವನಿಗೆ ಏಳನೇ ಕತೆ ಸಿಕ್ಕಿತ್ತು. ಹೊಸ ಕಾಗದದಲ್ಲಿ ನಲವತ್ತೈದು ಬಂತು. ನಲವತ್ತೆಂಟು ಆಗಲಿಲ್ಲ, ಮೆಟ್ಟಿಲು ಮೆಟ್ಟಿಲೇ. ಬೇಕರಿಯವನು ನಲವತ್ತೈದಕ್ಕೆ ಒಪ್ಪಿದ, ಇವರೂ ಒಪ್ಪಿದರು.

ಈಗ ಆಪರೇಟರಮ್ಮನ ಮನೆಗೆ ಐದು ಲಕ್ಷ ಕಡಿಮೆ. ಮಗ ಬ್ಯಾಂಕಿನಲ್ಲಿ ವಿಚಾರಿಸಿದ. ಬಣ್ಣದ ಕೆಲಸ ಮಳೆ ಬಂದರೆ ನಿಲ್ಲುತ್ತದೆ, ಹೊಲಿಗೆಗೆ ರಸೀದಿ ಇಲ್ಲ. ಮೂರು ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದರು. ಎರಡು ಲಕ್ಷ ಎಲ್ಲಿಂದ ಹುಟ್ಟಬೇಕು? ಮನೆಯಲ್ಲಿ ಮತ್ತೆ ಮಾತು ಕಡಿಮೆಯಾಯಿತು. ಅಜ್ಜ ಮಾತ್ರ ಫೋಟೊದಲ್ಲಿ ಕಂಡಿದ್ದ ಬೆಂಚಿನ ಮೂವರಿಗೂ ಹೆಸರಿಟ್ಟು, ಅವರಲ್ಲಿ ಯಾರಿಗೆ ಯಾವ ಕತೆ ಮೊದಲು ಎಂದು ತೀರ್ಮಾನಿಸುತ್ತಿದ್ದ.

ಆ ಮೂರು ಲಕ್ಷಕ್ಕಾಗಿ ಬ್ಯಾಂಕಿನವರು ಆಪರೇಟರಮ್ಮನ ಮನೆಗೂ ಒಬ್ಬನನ್ನು ಕಳಿಸಿದರು. ವಾರದ ಮೇಲೆ ಅದರ ಕಾಗದ ಬಂತು. ನಲವತ್ತನಾಲ್ಕು.

ಮಗ ಅದನ್ನು ಊಟದ ಮೇಜಿನ ಮೇಲಿಟ್ಟ. ಲಾಯರಮ್ಮ ಎತ್ತಿ ಓದಿದಳು. "ತಾರಸಿ ಹಳೆಯದು, ಸೋರಿಕೆಯ ಗುರುತು ಇದೆ, ಮನೆಯವರೇ ತಿಳಿಸಿದ್ದಾರೆ."

"ಸೋರಲ್ಲ," ಎಂದ ಮಗ. "ನಾನೇ ಹತ್ತಿ ನೋಡಿದೀನಿ. ಹೊಸ ಗಾರೆ. ಒಳಗೆ ಛಾವಣೀಲಿ ಹಳೇ ಕಲೆ ಉಳ್ಕೊಂಡಿದೆ, ಬಣ್ಣ ಹೊಡೆಸಿಲ್ಲ ಅಷ್ಟೇ."

"ಹಾಗಾದ್ರೆ ಇವರು ಮೇಲೆ ಹತ್ತಿಲ್ಲ."

"ಹತ್ತಿಲ್ಲ. ಆಯಮ್ಮ ಮುಂಚೆ ಸೋರ್ತಿತ್ತು ಅಂತ ಹೇಳಿರ್ತಾರೆ, ಇವನು ಬರ್ಕೊಂಡಿರ್ತಾನೆ."

ಅಜ್ಜಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. "ಪಾಪ, ನನ್ನ ಹಾಗೇ ಬಾಯಿಬಿಟ್ಟಿದಾಳೆ. ಇನ್ನೊಂದು ಸಲ ಕರೆಸಿ ಅಂತ ಅವಳಿಗೆ ಹೇಳ್ಬೇಕಲ್ವಾ?"

"ಅತ್ತೆ," ಎಂದಳು ಸೊಸೆ. ಅವಳ ದನಿ ಗಡುಸಾಗಿತ್ತು. "ನಮಗೆ ಎರಡು ಲಕ್ಷ ಹುಟ್ಟಿಲ್ಲ. ಬೇಕರಿಯವರು ಕಾಗದ ಹಿಡ್ಕೊಂಡು ಬಂದಾಗ ನಾವೇನು ಮಾಡಿದ್ವಿ? ತಲೆ ಬಗ್ಗಿಸಿದ್ವಿ. ಈಗ ನಮ್ಮ ಕೈಲೂ ಒಂದು ಕಾಗದ ಇದೆ."

"ಅಮ್ಮ, ಅದು ತಪ್ಪು ಕಾಗದ," ಎಂದಳು ಲಾಯರಮ್ಮ.

"ನಮ್ಮದೂ ತಪ್ಪು ಕಾಗದಾನೇ ಆಗಿತ್ತು."

"ಅದನ್ನ ನಾವು ಸರಿ ಮಾಡಿಸಿದ್ವಿ."

"ಹಾಗಾದ್ರೆ ನಿಮ್ಮಜ್ಜನ್ನ ಯಾರು ಕೆಳಗಿಳಿಸ್ತಾರೆ, ನೀನಾ? ಅವರ ಪ್ಯಾಂಟನ್ನ ಇನ್ನೊಂದು ಸಲ ಹಿಡಿಯೋಕೆ ಜಾಗ ಉಳಿದಿಲ್ಲ."

ಒಳಗಿನ ಕೋಣೆಯಿಂದ ಅಜ್ಜ, "ಏನದು ಪ್ಯಾಂಟಿನ ವಿಷಯ?" ಎಂದು ಕೂಗಿ ಕೇಳಿದ. ಏನಿಲ್ಲ ಮಾವ, ಊಟ ಮಾಡಿ ಎಂದಳು ಸೊಸೆ. ಈ ಕಾಗದದ ಸಂಗತಿ ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಒಪ್ಪುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಭಾನುವಾರ ಗಂಡಹೆಂಡತಿ ಆಪರೇಟರಮ್ಮನ ಮನೆಗೆ ಹೋದರು. ಮುಂದಿನ ಕೋಣೆಯಲ್ಲಿ ಅರ್ಧ ಕಟ್ಟಿದ ಪೆಟ್ಟಿಗೆಗಳಿದ್ದವು. ಆಪರೇಟರಮ್ಮ ಕನ್ನಡಕದ ಮೇಲಿನಿಂದ ಕಾಗದ ಓದಿ, ಮಡಚಿ, ಮೇಜಿನ ಮೇಲೆ ಸಮನಾಗಿ ಇಟ್ಟರು. ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಾತಿಗೆ ತಂತಿ ಜೋಡಿಸಿದವರು; ಅವಸರದ ಮಾತು ಅವರಿಗೆ ಬರುತ್ತಿರಲಿಲ್ಲ.

"ಯಾವ ಬ್ಯಾಂಕಿನವರು ಬಂದ್ರೂ ಇಷ್ಟೇ ಬರೋದು ಅಂತ ಬ್ರೋಕರ್ ಹೇಳ್ತಿದಾನೆ. ನಂಗೆ ಈ ವ್ಯವಹಾರ ಗೊತ್ತಿಲ್ಲ. ಅಕ್ಕನಿಗೆ ಇದರಲ್ಲೇ ಔಷಧಿ ಆಗ್ಬೇಕು, ಅದಕ್ಕೇ ಯೋಚನೆ." ಸೊಸೆಯ ಕಡೆ ತಿರುಗಿದರು. "ನಿಮ್ಮನೇಗೂ ಹೀಗೇ ಕಡಿಮೆ ಬರೆದಿದ್ರಂತೆ. ನೀವೇನಮ್ಮ ಮಾಡಿದ್ರಿ?"

ಬ್ರೋಕರ್ ಅರ್ಧ ಮಾತ್ರ ಹೇಳಿದ್ದ. ಉಳಿದರ್ಧ ಸೊಸೆಯ ನಾಲಿಗೆಯ ತುದಿಯಲ್ಲಿತ್ತು. ಮಗ ಕಿಟಕಿಯ ಕಡೆ ನೋಡುತ್ತಿದ್ದ. ಅವಳಿಗೆ ಸಡಿಲವಾದ ಪ್ಯಾಂಟು ನೆನಪಾಯಿತು, ತಟ್ಟೆ ದೂಡಿದ ಕೈ ನೆನಪಾಯಿತು.

"ಏನು ಮಾಡೋಕಾಗತ್ತೆ ಅಮ್ಮ," ಎಂದಳು. "ಬರೆದಿದ್ದಕ್ಕೆ ಒಪ್ಕೊಂಡ್ವಿ."

ಆಪರೇಟರಮ್ಮ ತಲೆಯಾಡಿಸಿದರು. ಕಾಗದಕ್ಕಿಂತ ಒಂದು ಹೆಚ್ಚಿಗೆ, ನಲವತ್ತೈದಕ್ಕೆ ಮಾತು ಮುಗಿಯಿತು. ಸಾಲವೇ ಬೇಕಾಗಲಿಲ್ಲ. ಎರಡು ಲಕ್ಷ ಕಡಿಮೆ ಬಿದ್ದಿದೆ ಎಂದು ಹೋದವರು ಐದು ಉಳಿಸಿಕೊಂಡು ಬಂದರು. ಬಸ್ಸಿನಲ್ಲಿ ಮಗ ಒಂದೇ ಮಾತು ಹೇಳಿದ, "ಹೇಳಬಹುದಿತ್ತೇನೋ." ಅವಳು ರೇಗಿದಳು, "ನೀವು ಹೇಳಿ ಅಂದ್ರೆ ಯಾರು ಬೇಡ ಅಂದ್ರು? ನಿಮಗೂ ಬಾಯಿತ್ತಲ್ಲ." ಮನೆಯಲ್ಲಿ ಅಜ್ಜಿ ಏನಾಯಿತೆಂದು ಕೇಳಿದಳು, ಕೇಳಿದ ಮೇಲೆ ಸೊಸೆಗೆ ಟೀ ಕೊಟ್ಟು ಒಳಗೆ ಹೋದಳು. ಅವಳು ಬೈದಿದ್ದರೆ ಸೊಸೆಗೆ ಹಗುರವಾಗುತ್ತಿತ್ತು.

ಒಂದೂವರೆ ತಿಂಗಳಿಗೆ ಮನೆ ಬದಲಾಯಿತು. ಅಜ್ಜ ಕೊನೆಯ ಸಲ ಕುರ್ಚಿಯಲ್ಲಿ ಇಳಿದ, ಇಳಿಯುವಾಗ ಲಿಫ್ಟಿನಲ್ಲಿದ್ದ ಹಾಗೆ ಪ್ರತಿ ತಿರುವಿನಲ್ಲೂ ಮಹಡಿಯ ನಂಬರು ಕೂಗಿದ. ಹೊಸ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಗಾಲಿಕುರ್ಚಿ ಬಾಗಿಲ ಮುಂದೆ ಬಂದರೆ ಊಟಕ್ಕೆ ಮಾತ್ರ ಒಳಗೆ. ಮೂರನೇ ದಿನಕ್ಕೆ ಬೆಂಚಿನವರ ನಿಜವಾದ ಹೆಸರುಗಳೆಲ್ಲ ಗೊತ್ತಾದವು. ಕ್ಷೌರದವನು ಪುಕ್ಕಟೆ ಗಡ್ಡ ತೆಗೆದು ಕತೆ ಕೇಳಿದ. ಬಸ್ಸಿಗೆ ಕಾಯುವವರು ಬಸ್ಸು ತಪ್ಪಿಸಿಕೊಂಡರು. ಅಜ್ಜ ಎರಡು ಸಲ ಅನ್ನ ಹಾಕಿಸಿಕೊಳ್ಳತೊಡಗಿದ. ಸೊಸೆ ಪ್ಯಾಂಟಿನ ಹೊಲಿಗೆ ಬಿಚ್ಚಿದಳು. ಹಾಗೆ ಬಿಚ್ಚುವಾಗ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ತಾನು ಮಾಡಿದ್ದು ಸರಿ ಎಂದು ಅವಳು ಆ ದಿನಗಳಲ್ಲಿ ನಂಬಿದ್ದಳು.

ಆಪರೇಟರಮ್ಮ ಒಂದು ಮಧ್ಯಾಹ್ನ ಬಂದರು. ಹಳೆಯ ವಿಳಾಸಕ್ಕೆ ಬಂದ ಪಿಂಚಣಿಯ ಪತ್ರ ತೆಗೆದುಕೊಂಡು ಹೋಗಲು ಬಂದದ್ದು. ಸೊಸೆ ಅವರನ್ನು ಅಜ್ಜನ ಪಕ್ಕ ಕುರ್ಚಿ ಹಾಕಿ ಕೂರಿಸಿ, ಟೀ ಮಾಡಲು ಒಳಗೆ ಹೋದಳು. ಹೊಸ ಕಿವಿ ಸಿಕ್ಕಿದ ಮೇಲೆ ಅಜ್ಜ ಬಿಡುತ್ತಾನೆಯೇ?

"ನಮ್ಮ ಹಳೇ ಮನೆ ಮಾರಿದ ಕತೆ ಕೇಳಿದೀರಾ? ಬ್ಯಾಂಕಿನವನು ಎರಡು ಸಲ ಬಂದ. ಮೊದಲ್ನೇ ಸಲ ನನ್ನ ಹೆಂಡತಿ ಎಡವಟ್ಟು ಮಾಡಿದ್ಲು, ನಲವತ್ತೊಂದು ಅಂತ ಬರೆದ. ನಾವು ಸುಮ್ನೆ ಬಿಡ್ತೀವಾ? ಇನ್ನೊಂದು ಸಲ ನೋಡಿ ಅಂತ ಅರ್ಜಿ ಕೊಟ್ವಿ. ಮತ್ತೆ ಬಂದು ನೋಡಿ ನಲವತ್ತೈದು ಬರೆದ. ಒಂದು ಅರ್ಜಿ, ನಾಲ್ಕು ಲಕ್ಷ! ಎಲ್ಲಾ ನನ್ನ ಸೊಸೆ ಓಡಾಡಿ ಮಾಡಿದ್ದು. ಬಹಳ ಚುರುಕು ಅವಳು."

ಸೊಸೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಪರೇಟರಮ್ಮ ಅಜ್ಜನ ಮುಖವನ್ನೇ ನೋಡುತ್ತ ಕತೆಯನ್ನು ಪೂರ್ತಿ ಕೇಳಿದರು. ಆಮೇಲೆ ಎದ್ದು, ಚೀಲದ ಹಿಡಿ ಸರಿಮಾಡಿಕೊಂಡು, "ಬಸ್ಸಿಗೆ ಹೊತ್ತಾಯ್ತು," ಎಂದು ಅವನಿಗೆ ಕೈಮುಗಿದು ನಡೆದರು.

ಸೊಸೆ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಬರಿಗಾಲಲ್ಲೇ ಹಿಂದೆ ಹೋದಳು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಅವತ್ತು ನಾನು ಸುಳ್ಳು ಹೇಳಿದೆ ಅಮ್ಮ."

"ಗೊತ್ತಾಯ್ತು."

"ತಾರಸಿ ಸೋರಲ್ಲ ಅಂತಾನೂ ನಮಗೆ ಗೊತ್ತಿತ್ತು. ಮಾವ ಆ ಮನೇಲಿ ಒಣಗಿ ಹೋಗ್ತಿದ್ರು. ಹೇಗಾದ್ರೂ ಬೀದಿಗೆ ತರಬೇಕಿತ್ತು."

"ಅದೂ ಕಾಣಿಸ್ತು." ಆಪರೇಟರಮ್ಮ ಬಸ್ಸು ಬರುವ ಕಡೆ ನೋಡುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿಮ್ಮ ಜಾಗದಲ್ಲಿ ನಾನಿದ್ರೂ ಕಡಿಮೆಗೇ ಕೇಳ್ತಿದ್ದೆನೋ ಏನೋ. ದುಡ್ಡಿನ ಮಾತು ಬಿಡಿ. ನಂಗೆ ತಿಳಿಯದೆ ನಿಮ್ಮನ್ನ ಕೇಳಿದೆ. ಬೇರೆ ಯಾರನ್ನೂ ಕೇಳಿರಲಿಲ್ಲ."

ಬಸ್ಸು ಬಂತು. ಅವರು ಹತ್ತಿ, ಆಚೆ ಬದಿಯ ಕಿಟಕಿಯ ಪಕ್ಕ ಕೂತರು.

ಸೊಸೆ ತಿರುಗಿ ಬಂದಾಗ ಅಜ್ಜ ಒಂದು ಲೋಟ ಟೀ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದ. ಮುಖ ಕೆಂಪಗೆ, ಬಿಸಿಲಿಗೆ ಹೊಳೆಯುತ್ತಿತ್ತು. "ಒಳ್ಳೇ ಹೆಂಗಸು ಕಣಮ್ಮ. ಮತ್ತೆ ಯಾವಾಗ ಬರ್ತಾರಂತೆ?"

"ಅವರು ಇನ್ನು ಬರಲ್ಲ ಮಾವ."

"ಯಾಕೆ?"

ಬೆಂಚಿನಿಂದ ಒಬ್ಬ ಎದ್ದು ಇತ್ತ ಬರುತ್ತಿದ್ದ, ಕತೆಗೆ. ಸೊಸೆ ಅವನಿಗೆ ಆಮೇಲೆ ಬಾ ಎಂದು ಕೈಸನ್ನೆ ಮಾಡಿದಳು. ನಿಜ ಹೇಳಿದರೆ ಮಾವ ಈ ಬೀದಿಯಲ್ಲಿ ಮತ್ತೆ ಯಾರ ಮುಂದೆಯೂ ಆ ಏಳನೇ ಕತೆ ಹೇಳಲಾರ, ಬಹುಶಃ ಇವತ್ತು ಊಟವನ್ನೂ ಮಾಡಲಾರ ಎಂದು ಅವಳಿಗೆ ಗೊತ್ತಿತ್ತು. ತಟ್ಟೆಯನ್ನು ನೆಲಕ್ಕಿಳಿಸಿ, ಆಪರೇಟರಮ್ಮ ಎದ್ದುಹೋದ ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಕೂತು, ಅವನ ಮುಖ ನೋಡಿಕೊಂಡು ಮೊದಲಿನಿಂದ ಹೇಳತೊಡಗಿದಳು.